ಬಿದ್ದುಹೋದ ಯೂ ಮರಕ್ಕೆ ವಯಸ್ಸು ಕಟ್ಟಿದ್ದು ಯಾರು?

ಪ್ರಶ್ನೆ: ನಾವು ಇಂಗ್ಲೆಂಡಿನ ರೆಡಿಂಗ್‌ನಲ್ಲಿದ್ದೇವೆ. ಊರಿಂದ ಅಪ್ಪ ಅಮ್ಮ ಬಂದಿದ್ದಾಗ ಹ್ಯಾಂಪ್‌ಶೈರ್‌ನ ಸೆಲ್‌ಬೋರ್ನ್ ಅನ್ನೋ ಹಳ್ಳಿಗೆ ಹೋಗಿದ್ದೆವು. ಅಲ್ಲಿನ ಚರ್ಚಿನ ಅಂಗಳದಲ್ಲಿ ಒಂದು ಭಾರಿ ಯೂ (yew, ಸದಾ ಹಸಿರಾಗಿರೋ ಸೂಜಿಯೆಲೆಯ ಮರ) ಇತ್ತಂತೆ, 1400 ವರ್ಷದ್ದಂತೆ, 1990ರಲ್ಲಿ ಬಿತ್ತಂತೆ. ಅಪ್ಪ ಮೇಷ್ಟ್ರಾಗಿದ್ದವರು. "ಮರವೇ ಇಲ್ಲ, 1400 ಅಂತ ಯಾರು ಎಣಿಸಿದರು?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಹೀಗೆ ಕಣ್ಮರೆಯಾದ ಹಳೇ ಯೂ ಮರಗಳಿಗೆ ನಿಜಕ್ಕೂ ದಾಖಲೆ ಇದೆಯಾ? ಎಷ್ಟು ನಂಬಬಹುದು? ನಮ್ಮ ಕಡೆ ಈ ಮರ ಇದೆಯಾ?

ಉತ್ತರ: ನಿಮ್ಮ ತಂದೆಯವರು ಸರಿಯಾದ ಜಾಗಕ್ಕೇ ಕೈ ಹಾಕಿದ್ದಾರೆ. ಯಾರೂ ಎಣಿಸಿಲ್ಲ. 1400 ಅನ್ನೋದು ಅಂದಾಜು, ಅದೂ ಧಾರಾಳವಾದ ಅಂದಾಜು. ಆದರೆ ಆ ಮರದ ಬಗ್ಗೆ ಗಟ್ಟಿಯಾಗಿ ಗೊತ್ತಿರುವ ಸಂಗತಿಗಳೂ ಇವೆ, ನನ್ನ ಕೇಳಿದರೆ ವಯಸ್ಸಿಗಿಂತ ಅವೇ ಜಾಸ್ತಿ ಸ್ವಾರಸ್ಯ. ಹಳೇ ಯೂ ಮರದ ದಾಖಲೆ ಓದುವಾಗ ನಾನು ಇಟ್ಟುಕೊಂಡಿರೋ ನಿಯಮ ಒಂದೇ. ಯಾರು, ಯಾವಾಗ, ಎಷ್ಟು ಅಡಿ ಅಳೆದರು ಅನ್ನೋದನ್ನು ನಂಬು. ಎಷ್ಟು ವರ್ಷ ಅಂತ ಬರೆದರು ಅನ್ನೋದನ್ನು ಪಕ್ಕಕ್ಕಿಡು.

ಸೆಲ್‌ಬೋರ್ನ್ ಮರದಿಂದಲೇ ಶುರು ಮಾಡೋಣ, ಯಾಕೆಂದರೆ ಸತ್ತುಹೋದ ಯೂ ಮರಗಳಲ್ಲಿ ಇಷ್ಟು ಚೆನ್ನಾಗಿ ದಾಖಲಾದದ್ದು ಕಡಿಮೆ. ಆ ಊರಿನ ಪಾದ್ರಿ ಗಿಲ್ಬರ್ಟ್ ವೈಟ್ ತನ್ನ ಊರಿನ ಹಕ್ಕಿ, ಹುಳ, ಮಳೆ, ಮಣ್ಣು ಎಲ್ಲದರ ಬಗ್ಗೆ ಬರೆದಿಟ್ಟ ಮನುಷ್ಯ. 1789ರಲ್ಲಿ ಅಚ್ಚಾದ ಅವನ ಪುಸ್ತಕದಲ್ಲಿ ಈ ಮರಕ್ಕೂ ಒಂದು ಜಾಗ ಇದೆ. ಬೊಡ್ಡೆ ಕುಳ್ಳು, ದಪ್ಪ, ಸುತ್ತಳತೆ 23 ಅಡಿ. ಅದು ಗಂಡು ಮರ, ವಸಂತದಲ್ಲಿ ಪರಾಗದ ಧೂಳನ್ನು ಮೋಡದ ಹಾಗೆ ಸುತ್ತಲೂ ಎಬ್ಬಿಸುತ್ತೆ ಅಂತಲೂ ಬರೆದಿದ್ದಾನೆ. ಯೂ ಮರದಲ್ಲಿ ಗಂಡು ಹೆಣ್ಣು ಸಾಮಾನ್ಯವಾಗಿ ಬೇರೆ ಬೇರೆ. ಕೆಂಪು ಹಣ್ಣು ಬಿಡೋದು ಹೆಣ್ಣು ಮರ ಮಾತ್ರ. ಹಾಗಾಗಿ ಈ ಒಂದು ಸಾಲಿನಿಂದ ಮರದ ಗುರುತು ಪಕ್ಕಾ ಆಯಿತು. ನಾಳೆ ಯಾರಾದರೂ ಬೇರೆ ಮರ ತೋರಿಸಿ ಇದೇ ಅದು ಅಂದರೆ ಒಪ್ಪಬೇಕಿಲ್ಲ.

ವಯಸ್ಸಿನ ವಿಷಯಕ್ಕೆ ಬಂದಾಗ ವೈಟ್ ಹುಷಾರು. ನೋಡಿದರೆ ಹಲವು ಶತಮಾನ ಕಂಡ ಹಾಗಿದೆ, ಬಹುಶಃ ಚರ್ಚಿನಷ್ಟೇ ಹಳೆಯದು ಅಂದ, ಅಷ್ಟೇ. ಆ ಚರ್ಚು 12ನೇ ಶತಮಾನದ ಕೊನೆಯದು. ಅವನ ಲೆಕ್ಕ ಹಿಡಿದರೆ 1990ರಲ್ಲಿ ಮರಕ್ಕೆ ಸುಮಾರು 800 ವರ್ಷ ಆಗಿರಬೇಕು. ನಿಮಗೆ ಹೇಳಿದ್ದು 1400. ಒಂದೇ ಮರ, 600 ವರ್ಷ ವ್ಯತ್ಯಾಸ!

ವೈಟ್ ಆದಮೇಲೆ 1823ರಲ್ಲಿ ವಿಲಿಯಂ ಕಾಬೆಟ್ ಅದೇ ಊರಿಗೆ ಕುದುರೆ ಮೇಲೆ ಬಂದ. ಅವನು ಪತ್ರಕರ್ತ, ಜಗಳಗಂಟ, ರೈತರ ಪರ ಬರೆಯುತ್ತಿದ್ದವನು. ತಾನೇ ಅಳೆದು 23 ಅಡಿ 8 ಇಂಚು ಅಂತ ಬರೆದುಕೊಂಡ. 1990ರ ಜನವರಿ 25ರಂದು ದಕ್ಷಿಣ ಇಂಗ್ಲೆಂಡಿನ ಮೇಲೆ ದೊಡ್ಡ ಬಿರುಗಾಳಿ ಬೀಸಿದಾಗ ಮರ ಬುಡಮೇಲಾಯಿತು. ಆಗ ಅದರ ಸುತ್ತಳತೆ ಸುಮಾರು 26 ಅಡಿ. ಅಂದರೆ ಇನ್ನೂರು ವರ್ಷದಲ್ಲಿ ಹೆಚ್ಚಿದ್ದು ಮೂರೇ ಅಡಿ, ವರ್ಷಕ್ಕೆ ಅರ್ಧ ಸೆಂಟಿಮೀಟರೂ ಇಲ್ಲ.

ಬಿದ್ದ ಮೇಲೆ ಊರಿನವರು ಸುಮ್ನೆ ಬಿಡಲಿಲ್ಲ. ಕೊಂಬೆ ಕಡಿದು ಹಗುರ ಮಾಡಿ, ಬೊಡ್ಡೆಯನ್ನು ಕ್ರೇನಿನಿಂದ ಎತ್ತಿ ಅದೇ ಗುಂಡಿಯಲ್ಲಿ ನಿಲ್ಲಿಸಿದರು. ಮರ ಬದುಕಲಿಲ್ಲ. ಅದೇ ಮರದಿಂದ ತೆಗೆದ ಕಡ್ಡಿಯನ್ನೂ ಅಂಗಳದಲ್ಲಿ ನೆಟ್ಟಿದ್ದಾರೆ. ಅದು ಬೀಜದ ಸಸಿ ಅಲ್ಲ, ಹಾಗಾಗಿ ಮಗ ಮೊಮ್ಮಗ ಅನ್ನೋ ಮಾತು ಬರೋದಿಲ್ಲ, ವೈಟ್ ಅಳೆದ ಮರದ್ದೇ ತುಂಡು ಅದು. ಮರ ಎತ್ತಿ ನಿಲ್ಲಿಸೋ ಮೊದಲು ಪುರಾತತ್ವದವರು ಗುಂಡಿಗೆ ಇಳಿದಿದ್ದರು. ಬೇರುಗಳ ನಡುವೆ ಸುಮಾರು 30 ಜನರ ಎಲುಬು ಸಿಕ್ಕವು, ಹಳೆಯವು 1200ರ ಆಸುಪಾಸಿನವು. 26 ಅಡಿ ಸುತ್ತಳತೆಯ ಮರದ ಬುಡದಲ್ಲಿ ಯಾರೂ ಸಮಾಧಿ ತೋಡೋಕಾಗಲ್ಲ, ಬೇರು ಬಿಡೋದಿಲ್ಲ. ಹೂತಾಗ ಮರ ಇನ್ನೂ ಸಣ್ಣದಿತ್ತು, ಆಮೇಲೆ ಬೇರು ಹರಡಿ ಎಲುಬುಗಳನ್ನು ಒಳಕ್ಕೆ ತೆಗೆದುಕೊಂಡಿತು ಅನ್ನೋದು ನನ್ನ ಊಹೆ. 1400ರ ಲೆಕ್ಕಕ್ಕಿಂತ ವೈಟ್ ಹೇಳಿದ ಕಡೆಗೇ ನಾನು ವಾಲೋದಕ್ಕೆ ಇದೂ ಒಂದು ಕಾರಣ.

ಈಗ ನಿಮ್ಮ ತಂದೆ ಕೇಳಬಹುದು, ಮರ ಬಿತ್ತಲ್ಲ, ಅಡ್ಡ ಕೊಯ್ದು ಉಂಗುರ ಎಣಿಸಿದರಾಯಿತು, ಅಲ್ವಾ? ಬೇರೆ ಮರವಾಗಿದ್ದರೆ ಆಗುತ್ತಿತ್ತು. ಯೂ ಮರಕ್ಕೆ ಮುದಿತನ ಬಂತು ಅಂದರೆ ಒಳಗಿನ ಚೇಗು ಕೊಳೆತು ಪೊಟರೆಯಾಗುತ್ತದೆ. ಹೊರಗಿನ ಗೋಡೆ ಮಾತ್ರ ಬೆಳೆಯುತ್ತಾ ಹೋಗುತ್ತದೆ. ಮೊದಲ ನೂರಾರು ವರ್ಷದ ಉಂಗುರಗಳೇ ಇರೋದಿಲ್ಲ. ಸರ್ರೆಯ ಕ್ರೌಹರ್ಸ್ಟ್‌ನಲ್ಲಿ ಈಗಲೂ ಜೀವಂತ ಇರುವ ಮರದ ಪೊಟರೆ ಎಷ್ಟು ದೊಡ್ಡದು ಅಂದರೆ 1820ರಲ್ಲಿ ಅದಕ್ಕೆ ಬಾಗಿಲು ಕೂರಿಸಿ, ಒಳಗೆ ಮೇಜು, ಕೂರೋ ಹಲಗೆ ಹಾಕಿ ಕೋಣೆ ಮಾಡಿಬಿಟ್ಟರು. ಆಗ ಬೊಡ್ಡೆಯೊಳಗೆ ಒಂದು ಫಿರಂಗಿ ಗುಂಡು ಸಿಕ್ಕಿತು. ವಿಲ್ಟ್‌ಶೈರ್‌ನ ಟಿಸ್‌ಬರಿಯಲ್ಲಿ ಇನ್ನೊಂದು ಮರದ ಪೊಟರೆಗೆ ಕಾಂಕ್ರೀಟ್ ತುಂಬಿದ್ದಾರೆ, ಯಾವ ಇಂಜಿನಿಯರಿನ ತಲೆಯೋ! ಇಂಥ ಮರಗಳಲ್ಲಿ ಉಂಗುರ ಎಲ್ಲಿಂದ ಎಣಿಸ್ತೀರಿ?

ಅದಕ್ಕೇ ಹಿಂದಿನವರು ಇನ್ನೊಂದು ದಾರಿ ಹಿಡಿದರು. ಮರದ ದಪ್ಪ ಅಳೆಯೋದು, ವರ್ಷಕ್ಕೆ ಇಷ್ಟು ಬೆಳೆಯುತ್ತದೆ ಅಂತ ಒಂದು ದರ ಇಟ್ಟುಕೊಳ್ಳೋದು, ಭಾಗಿಸೋದು. ಈ ದಾರಿ ಹಾಕಿಕೊಟ್ಟವರಲ್ಲಿ ದೊಡ್ಡ ಹೆಸರು ಜಿನೀವಾದ ಸಸ್ಯವಿಜ್ಞಾನಿ ಓಗಸ್ಟಿನ್ ಪಿರಾಮ್ ಡಿ ಕಾಂಡೋಲ್. 19ನೇ ಶತಮಾನದ ಮೊದಲರ್ಧದಲ್ಲಿ ಆತ ಹೇಳಿದ್ದಿಷ್ಟು. ಮುದಿ ಯೂ ಮರದ ಅಡ್ಡಳತೆ ವರ್ಷಕ್ಕೆ ಸರಿಸುಮಾರು ಒಂದು 'ಲೈನ್' ಹೆಚ್ಚುತ್ತದೆ ಅಂತ ಇಟ್ಟುಕೊಳ್ಳಿ. ಲೈನ್ ಅಂದರೆ ಇಂಚಿನ ಹನ್ನೆರಡನೇ ಒಂದು ಭಾಗ. ಹಾಗಾದರೆ ಅಡ್ಡಳತೆ ಎಷ್ಟು ಲೈನೋ ಮರಕ್ಕೆ ಅಷ್ಟು ವರ್ಷ. ಲೆಕ್ಕ ಸಲೀಸು. ಯೂರೋಪಿನ ಪುಸ್ತಕಗಳಲ್ಲೆಲ್ಲ ಇದು ಹರಡಿಕೊಂಡಿತು, ಈಗಲೂ ಓಡಾಡುವ ಎರಡು ಮೂರು ಸಾವಿರದ ಸಂಖ್ಯೆಗಳಲ್ಲಿ ಎಷ್ಟೋ ಇಲ್ಲಿಂದ ಬಂದವು.

ಈ ಲೆಕ್ಕ ಎಲ್ಲಿ ಹಳಿ ತಪ್ಪುತ್ತದೆ ಅನ್ನೋದನ್ನು ಪೂರ್ತಿ ಕಣ್ಮರೆಯಾದ ಒಂದು ಮರದಲ್ಲಿ ತೋರಿಸುತ್ತೇನೆ. ಕೆಂಟ್‌ನ ಬ್ರೇಬೋರ್ನ್ ಚರ್ಚಿನ ಅಂಗಳದಲ್ಲಿ 17ನೇ ಶತಮಾನದಲ್ಲಿ ಒಂದು ರಾಕ್ಷಸ ಯೂ ಇತ್ತು. ಈಗ ಅದರ ಕುರುಹೂ ಇಲ್ಲ. ಅದರ ದಾಖಲೆ ಉಳಿದಿರೋದು ಜಾನ್ ಈವ್ಲಿನ್‌ನಿಂದ. ಕಾಡು, ಮರಮಟ್ಟುಗಳ ಬಗ್ಗೆ ಇಂಗ್ಲಿಷಿನ ಮೊದಲ ದೊಡ್ಡ ಪುಸ್ತಕ ಬರೆದವನು ಅವನೇ. ಸುತ್ತಳತೆ 58 ಅಡಿ 11 ಇಂಚು ಅಂತ ಬರೆದಿದ್ದಾನೆ. ಮೊದಲು ತಾನೇ ಅಳೆದೆ, ಅದು ಅಷ್ಟು ಸರಿಯಾಗಿರಲಿಲ್ಲ, ಆಮೇಲೆ ಸರ್ ಜಾರ್ಜ್ ಕಾರ್ಟರೆಟ್ ಜನ ಕಳಿಸಿ ಸರಿಯಾಗಿ ಅಳೆಸಿಕೊಟ್ಟ ಅಂತಲೂ ಹೇಳಿದ್ದಾನೆ. ಇಷ್ಟು ಪ್ರಾಮಾಣಿಕ ಟಿಪ್ಪಣಿ ಆ ಕಾಲದಲ್ಲಿ ಅಪರೂಪ. ಎರಡು ಸಲ ಅಳೆದದ್ದು ಗೊತ್ತು, ಯಾವುದನ್ನು ನಂಬಬೇಕು ಅನ್ನೋದೂ ಗೊತ್ತು.

ಕಾಗದ ಪೆನ್ನು ತೆಗೆದುಕೊಳ್ಳಿ, ಮೇಷ್ಟ್ರಿಗೂ ಕೊಡಿ. 58 ಅಡಿ 11 ಇಂಚನ್ನು 3.14ರಿಂದ ಭಾಗಿಸಿದರೆ ಅಡ್ಡಳತೆ ಸುಮಾರು 18 ಮುಕ್ಕಾಲು ಅಡಿ. ಒಂದು ಅಡಿಗೆ 144 ಲೈನ್. ಗುಣಿಸಿದರೆ 2700. ಆದರೆ ಡಿ ಕಾಂಡೋಲ್ ಬ್ರೇಬೋರ್ನ್ ಮರಕ್ಕೆ ಕೊಟ್ಟಿದ್ದು 2880 ಲೈನ್. 2880ನ್ನು 144ರಿಂದ ಭಾಗಿಸಿ ನೋಡಿ. ಸರಿಯಾಗಿ 20 ಅಡಿ! ಈವ್ಲಿನ್ ಅಡ್ಡಳತೆಯನ್ನು ಹತ್ತಿರಹತ್ತಿರ 20 ಅಡಿ ಅಂತ ದುಂಡಗೆ ಹೇಳಿದ್ದ, ಜಿನೀವಾದಲ್ಲಿ ಕೂತ ಪಂಡಿತ ಆ ದುಂಡು ಸಂಖ್ಯೆಯನ್ನೇ ಎತ್ತಿಕೊಂಡಂತಿದೆ. ಅಷ್ಟಕ್ಕೇ ಮರಕ್ಕೆ 180 ವರ್ಷ ಸೇರಿಕೊಂಡಿತು. ಮರ ಅಷ್ಟು ಹೊತ್ತಿಗೆ ಇರಲೂ ಇಲ್ಲ, ತಕರಾರು ಮಾಡೋದಕ್ಕೆ.

ಸ್ಕಾಟ್ಲೆಂಡಿನ ಫೋರ್ಟಿಂಗಲ್ ಮರದ್ದು ಇನ್ನೂ ಮಜಾ. ಈ ಮರ ಸತ್ತಿಲ್ಲ, ಆದರೆ ಹಳೆಯ ಬೊಡ್ಡೆ ಹೋಗಿದೆ, ಈಗ ಉಳಿದಿರೋದು ಅದರ ಅಂಚಿನ ಚೂರುಗಳು. 1769ರ ಹೊತ್ತಿಗೆ ಇಬ್ಬರು ಪಂಡಿತರು ಇದನ್ನು ಅಳೆದರು. ಡೇನ್ಸ್ ಬ್ಯಾರಿಂಗ್ಟನ್ ಅನ್ನೋ ನ್ಯಾಯಾಧೀಶ 52 ಅಡಿ ಅಂದ, ಎರಡು ಸಲ ಅಳೆದಿದ್ದೇನೆ, ಹಾಗಾಗಿ ತಪ್ಪಿರೋಕೆ ಸಾಧ್ಯ ಇಲ್ಲ ಅಂತ ಸೇರಿಸಿದ. ಥಾಮಸ್ ಪೆನ್ನಂಟ್ ಅನ್ನೋ ಪ್ರವಾಸಿ 56 ಅಡಿ 6 ಇಂಚು ಅಂದ. ಇಬ್ಬರೂ ಸುಳ್ಳು ಹೇಳೋರಲ್ಲ, ಇಬ್ಬರೂ ಗಿಲ್ಬರ್ಟ್ ವೈಟ್‌ನ ಗೆಳೆಯರು, ವೈಟ್‌ನ ಪುಸ್ತಕದಲ್ಲಿ ಪ್ರಕೃತಿಯ ಬಗೆಗಿನ ಪತ್ರಗಳು ಇವರಿಗೇ ಬರೆದದ್ದು. ಆದರೂ ನಾಲ್ಕೂವರೆ ಅಡಿ ವ್ಯತ್ಯಾಸ. ಒಂದು ಲೈನಿಗೆ ಒಂದು ವರ್ಷ ಅನ್ನೋ ಲೆಕ್ಕಕ್ಕೆ ಹಾಕಿದರೆ ಇದೇ 200 ವರ್ಷ ದಾಟುತ್ತದೆ. ಡಿ ಕಾಂಡೋಲ್ ತೆಗೆದುಕೊಂಡದ್ದು ಪೆನ್ನಂಟನದ್ದನ್ನು, ಈ ಮರಕ್ಕೆ ಡಿ ಕಾಂಡೋಲ್ ಕೊಟ್ಟ 2588 ಲೈನಿಗೆ ಅದೇ ಸರಿಹೊಂದುತ್ತದೆ.

ಯಾಕೆ ಹೀಗಾಗುತ್ತೆ ಅಂದರೆ ಹಳೇ ಯೂ ಮರ ಕಂಬದ ಹಾಗೆ ಇರೋದಿಲ್ಲ. ಬುಡದಲ್ಲಿ ಗಂಟು, ಪಕ್ಕೆ, ಚಿಗುರಿನ ಪೊದೆ, ಮೇಲೆ ಹೋದಂತೆ ಅಗಲ, ನಡುವೆ ಸೀಳು. ಟೇಪನ್ನು ಒಂದಡಿ ಮೇಲೆ ಹಿಡಿದರೆ ಒಂದು ಲೆಕ್ಕ, ಕೆಳಗೆ ಹಿಡಿದರೆ ಇನ್ನೊಂದು. ಗಂಟುಗಳ ಮೇಲೆ ಹಾಯಿಸಿ ಅಳೆಯೋದು ಅಂದರೆ ಪಂಚೆಯ ಗಂಟಿನ ಮೇಲೆ ಟೇಪು ಸುತ್ತಿ ಸೊಂಟದ ಅಳತೆ ತೆಗೆದ ಹಾಗೆ. ಹಳಬರಲ್ಲಿ ಬಹುತೇಕರು ನೆಲದಿಂದ ಎಷ್ಟು ಎತ್ತರದಲ್ಲಿ ಅಳೆದರು ಅಂತ ಬರೆಯೋದೇ ಇಲ್ಲ, ವೈಟ್‌ನೂ ಬರೆದಿಲ್ಲ.

ಬೆಳವಣಿಗೆ ದರದ ಕತೆ ಇನ್ನೂ ಕಷ್ಟ. ಸೆಲ್‌ಬೋರ್ನ್ ಮರ ಇನ್ನೂರು ವರ್ಷದಲ್ಲಿ ಮೂರಡಿ ಹೆಚ್ಚಿತು ಅಂದೆನಲ್ಲ, ಲೈನಿಗೆ ತಿರುಗಿಸಿದರೆ ಅಡ್ಡಳತೆಯಲ್ಲಿ 138 ಲೈನ್ ಮಾತ್ರ. ಲಂಡನ್ನಿನ ಉತ್ತರಕ್ಕಿರುವ ಟಾಟರಿಜ್ ಚರ್ಚಿನ ಯೂ 1677ರಲ್ಲಿ 26 ಅಡಿ ಇತ್ತು, 20ನೇ ಶತಮಾನದ ಕೊನೆಯಲ್ಲಿ ಅಳೆದಾಗಲೂ 26 ಅಡಿ. ಮುನ್ನೂರು ವರ್ಷ ಏನೂ ಬೆಳೆದಿಲ್ಲ, ಬದುಕಿದೆ, ಹಸಿರಾಗಿದೆ! ಅದೇ ಎಳೆಯ ಮರ ಒಳ್ಳೇ ಮಣ್ಣಿನಲ್ಲಿ ವರ್ಷಕ್ಕೆ ಎರಡು ಲೈನ್ ಮೂರು ಲೈನ್ ದಾಟುತ್ತದೆ. 1830ರ ದಶಕದಲ್ಲೇ ಬೌಮನ್ ಅನ್ನೋರು ಚರ್ಚಿನ ಅಂಗಳದ ಯೂ ಮರಗಳಿಂದ ಸಣ್ಣ ತುಂಡು ಕೊರೆದು ತೆಗೆದು ಉಂಗುರ ನೋಡಿ, ಎಳೆ ಮರಗಳಿಗೆ ಡಿ ಕಾಂಡೋಲ್ ದರ ಹೊಂದೋದಿಲ್ಲ ಅಂತ ತೋರಿಸಿದ್ದರು. ಆದರೆ ಬೋರ್ಡಿನ ಮೇಲೆ ಬರೆಯೋದಕ್ಕೆ ದೊಡ್ಡ ಸಂಖ್ಯೆ ಚೆನ್ನಾಗಿ ಕಾಣುತ್ತದೆ, ಅದೇ ಉಳಿಯಿತು.

ಇದಕ್ಕೂ ಹಿಂದೆ ಹೋದರೆ ಟೇಪು ಇಲ್ಲ, ಅಡಿ ಇಂಚು ಇಲ್ಲ, ಮರ ಇತ್ತು, ಹೋಯಿತು ಅನ್ನೋ ಸುದ್ದಿ ಮಾತ್ರ. ಐರ್ಲೆಂಡಿನ ಮಠಗಳ ವಾರ್ಷಿಕ ದಾಖಲೆಗಳಲ್ಲಿ 1162ನೇ ವರ್ಷಕ್ಕೆ ಒಂದು ಸಾಲಿದೆ. ನ್ಯೂರಿ ಮಠಕ್ಕೆ ಬೆಂಕಿ ಬಿತ್ತು, ಪಾತ್ರೆ ಪಗಡೆ ಪುಸ್ತಕಗಳ ಜೊತೆ ಸಂತ ಪ್ಯಾಟ್ರಿಕ್ ಸ್ವತಃ ನೆಟ್ಟಿದ್ದ ಯೂ ಮರವೂ ಸುಟ್ಟುಹೋಯಿತು ಅಂತ. ಪ್ಯಾಟ್ರಿಕ್ ಇದ್ದದ್ದು 5ನೇ ಶತಮಾನದಲ್ಲಿ. ಅವನೇ ನೆಟ್ಟನೋ ಇಲ್ಲವೋ ಅದು ಭಕ್ತಿಯ ಮಾತು, ಬಿಡಿ. ಆದರೆ 1162ರಲ್ಲಿ ಅಲ್ಲಿ ಒಂದು ಯೂ ಮರ ಇತ್ತು, ಅದು ಊರಿನವರಿಗೆ ಗೊತ್ತಿದ್ದ ಪ್ರಸಿದ್ಧ ಮರ, ಬೆಂಕಿಯಲ್ಲಿ ಹೋಯಿತು, ಇಷ್ಟನ್ನು ನಾನು ಒಪ್ಪುತ್ತೇನೆ. ಸುಟ್ಟ ಸಾಮಾನಿನ ಪಟ್ಟಿಯಲ್ಲಿ ಸುಮ್ಮಸುಮ್ಮನೆ ಮರವನ್ನು ಯಾರು ಸೇರಿಸುತ್ತಾರೆ? ಆ ಊರಿನ ಐರಿಷ್ ಹೆಸರೇ ಯೂ ಮರದಿಂದ ಬಂದದ್ದು.

ಅದೇ ಶತಮಾನದ ಕೊನೆಗೆ ವೇಲ್ಸ್‌ನ ಪಾದ್ರಿ ಜೆರಾಲ್ಡ್ ಐರ್ಲೆಂಡ್ ಸುತ್ತಿ ಬರೆದ. ಡಬ್ಲಿನ್ ಹತ್ತಿರದ ಫಿಂಗ್ಲಸ್‌ನಲ್ಲಿ ಹಿಂದಿನ ಮಠಾಧಿಪತಿಗಳು ಚರ್ಚಿನ ಅಂಗಳದ ಸುತ್ತ ತಾವೇ ನೆಟ್ಟಿದ್ದ ಆಶ್ ಮರ, ಯೂ ಮರಗಳನ್ನು ಅಲ್ಲಿ ಬಿಡಾರ ಹೂಡಿದ್ದ ಇಂಗ್ಲಿಷ್ ಬಿಲ್ಲುಗಾರರು ಕಡಿದು ಒಲೆಗೆ ಹಾಕಿದರಂತೆ. ಆಮೇಲೆ ಅವರಿಗೆ ಪ್ಲೇಗಿನಂಥ ರೋಗ ಬಡಿಯಿತಂತೆ. ರೋಗ ದೇವರ ಶಿಕ್ಷೆ ಅನ್ನೋದು ಜೆರಾಲ್ಡನ ಮಾತು. ಸೈನಿಕರು ಚಳಿಗೆ ಹತ್ತಿರದ ಮರ ಕಡಿದರು ಅನ್ನೋದರಲ್ಲಿ ನನಗೆ ಅನುಮಾನವೇ ಇಲ್ಲ.

ಇಂಥ ಕತೆಗಳಲ್ಲಿ ಎಚ್ಚರ ಬೇಕು. ಯಾರ್ಕ್‌ಶೈರ್‌ನ ಫೌಂಟನ್ಸ್ ಮಠದ ಕತೆ ನೋಡಿ. 1132ರ ಚಳಿಗಾಲದಲ್ಲಿ ಹದಿಮೂರು ಸನ್ಯಾಸಿಗಳು ಹಳೇ ಮಠ ಬಿಟ್ಟು ಆ ಕಣಿವೆಗೆ ಬಂದು, ಮಠ ಕಟ್ಟೋವರೆಗೂ ಏಳು ಯೂ ಮರಗಳ ಕೆಳಗೆ ಇದ್ದರು ಅಂತ ಎಲ್ಲ ಕಡೆ ಓದುತ್ತೀರಿ. 'ಏಳು ಅಕ್ಕತಂಗಿಯರು' ಅಂತ ಆ ಮರಗಳಿಗೆ ಹೆಸರೂ ಇತ್ತು, ಅವುಗಳಲ್ಲಿ ಬಹುಪಾಲು ಈಗಿಲ್ಲ. ಆದರೆ ಆ ಮಠದ್ದೇ ಹಳೆಯ ವೃತ್ತಾಂತ ತೆಗೆದರೆ ಅವರು ಇದ್ದದ್ದು ಎಲ್ಮ್ ಮರದ ಕೆಳಗೆ! ಏಳು ಯೂಗಳು ಆಮೇಲಿನವರ ಬರಹದಲ್ಲಿ ಬರುತ್ತವೆ. ಮರಗಳು ಇದ್ದದ್ದು ನಿಜ, ಸನ್ಯಾಸಿಗಳು ಬಂದದ್ದೂ ನಿಜ, ಎರಡನ್ನೂ ಯಾರೋ ಜೋಡಿಸಿದರು.

ನನಗೆ ಜಾಸ್ತಿ ನಂಬಿಕೆ ಇರೋದು ಏನೂ ಸಾಧಿಸೋಕೆ ಹೊರಡದ ಟಿಪ್ಪಣಿಗಳ ಮೇಲೆ. ಎಂಟನೇ ಹೆನ್ರಿಯ ಕಾಲದಲ್ಲಿ ಜಾನ್ ಲೀಲ್ಯಾಂಡ್ ಅನ್ನೋನು ಇಡೀ ದೇಶ ಸುತ್ತಿ ಕಂಡದ್ದನ್ನೆಲ್ಲ ಗೀಚಿಕೊಳ್ಳುತ್ತಿದ್ದ. 1530ರ ದಶಕದಲ್ಲಿ ವೇಲ್ಸ್‌ನ ಸ್ಟ್ರಾಟಾ ಫ್ಲೋರಿಡಾ ಮಠಕ್ಕೆ ಹೋದಾಗ ಅಲ್ಲಿನ ಸ್ಮಶಾನದಲ್ಲಿ 39 ದೊಡ್ಡ ಯೂ ಮರ ಅಂತ ಬರೆದುಕೊಂಡ. ವಯಸ್ಸಿಲ್ಲ, ಸಂತರಿಲ್ಲ, ಪವಾಡ ಇಲ್ಲ, ಬರೀ ಲೆಕ್ಕ. ಸುಮಾರು ನಲವತ್ತು ಅಂದಿದ್ದರೆ ಕಣ್ಣಂದಾಜು ಅನ್ನಬಹುದಿತ್ತು. 39 ಅಂದರೆ ಮನುಷ್ಯ ನಿಂತು ಎಣಿಸಿದ್ದಾನೆ. ಈಗ ಉಳಿದಿರೋದು ಎರಡು. ಆ ಒಂದು ಸಾಲು ಇಲ್ಲದಿದ್ದರೆ ಅಲ್ಲಿ ಒಂದು ತೋಪೇ ಇತ್ತು ಅನ್ನೋದು ಯಾರಿಗೂ ತಿಳಿಯುತ್ತಿರಲಿಲ್ಲ.

ಇವೆಲ್ಲ ಹೆಸರಿದ್ದ ಮರಗಳು. ಹೆಸರಿಲ್ಲದೆ ಹೋದವು ಲಕ್ಷಗಟ್ಟಲೆ, ಅವುಗಳ ದಾಖಲೆ ಸಿಗೋದು ಸುಂಕದ ಕಾನೂನುಗಳಲ್ಲಿ. ಇಂಗ್ಲೆಂಡಿನ ಉದ್ದಬಿಲ್ಲು ಯೂ ಮರದ್ದು. ಒಳಗಿನ ಕೆಂಪು ಚೇಗು ಅದುಮಿದರೆ ತಡೆದುಕೊಳ್ಳುತ್ತದೆ, ಹೊರಗಿನ ಬಿಳಿ ಭಾಗ ಎಳೆದರೆ ತಡೆದುಕೊಳ್ಳುತ್ತದೆ, ಎರಡೂ ಸೇರಿರೋ ಕಡೆಯಿಂದ ಸೀಳಿ ಬಿಲ್ಲು ಮಾಡಬೇಕು. ಚರ್ಚಿನ ಅಂಗಳದ ಗಂಟುಗಂಟಾದ ಮುದಿ ಮರ ಇದಕ್ಕೆ ಆಗಿಬರೋದಿಲ್ಲ, ಕಾಡಿನಲ್ಲಿ ಒತ್ತಾಗಿ ನೆಟ್ಟಗೆ ಬೆಳೆದ ಮರವೇ ಬೇಕು. ಅಷ್ಟು ಮರ ಇಂಗ್ಲೆಂಡಿನಲ್ಲಿ ಸಾಕಾಗಲಿಲ್ಲ. 1472ರಲ್ಲಿ ಒಂದು ಕಾನೂನು ಬಂತು. ಬಿಲ್ಲಿನ ಮರ ಸಿಗೋ ದೇಶಗಳಿಂದ ಬರುವ ಹಡಗು, ಒಂದೊಂದು ಟನ್ ಸರಕಿಗೂ ನಾಲ್ಕು ಬಿಲ್ಲುಪಟ್ಟಿ ತರಲೇಬೇಕು. ಮೂರನೇ ರಿಚರ್ಡನ ಕಾಲಕ್ಕೆ ಇದು ಕೆಲವು ಸರಕಿಗೆ ಹತ್ತಕ್ಕೆ ಏರಿತು. ಆಸ್ಟ್ರಿಯ, ಬವೇರಿಯದ ಬೆಟ್ಟಗಳು ಬೋಳಾದವು. 1507ರಲ್ಲಿ ಪವಿತ್ರ ರೋಮನ್ ಸಾಮ್ರಾಜ್ಯದ ಚಕ್ರವರ್ತಿಯೇ ಬವೇರಿಯದ ಡ್ಯೂಕನಿಗೆ ಯೂ ಕಡಿಯೋದು ನಿಲ್ಲಿಸಿ ಅಂತ ಕೇಳಿಕೊಂಡ, ದುಡ್ಡಿನ ಮುಂದೆ ಆ ಮಾತು ನಡೆಯಲಿಲ್ಲ. 1560ರ ದಶಕದ ಕೊನೆಗೆ ಕಡಿಯೋಕೆ ಮರವೇ ಇಲ್ಲ ಅನ್ನೋ ಸ್ಥಿತಿ. 1545ರಲ್ಲಿ ಮುಳುಗಿದ ಮೇರಿ ರೋಸ್ ಅನ್ನೋ ಯುದ್ಧನೌಕೆಯಿಂದ 170ಕ್ಕೂ ಹೆಚ್ಚು ಯೂ ಬಿಲ್ಲುಗಳನ್ನು ಮೇಲೆತ್ತಿದ್ದಾರೆ, ಪೋರ್ಟ್ಸ್‌ಮತ್‌ನಲ್ಲಿ ನೋಡಲು ಸಿಗುತ್ತವೆ. ರೆಡಿಂಗ್‌ನಿಂದ ದೂರವೇನಲ್ಲ, ಅಪ್ಪನನ್ನು ಕರೆದುಕೊಂಡು ಹೋಗಿ. ಹೋದ ಕಾಡಿನ ಮರವನ್ನು ಮುಟ್ಟುವಷ್ಟು ಹತ್ತಿರದಿಂದ ನೋಡೋದಕ್ಕೆ ಅದಕ್ಕಿಂತ ಒಳ್ಳೆ ಜಾಗ ನನಗೆ ಗೊತ್ತಿಲ್ಲ.

ನಮ್ಮ ಕಡೆ ಇದೆಯಾ ಅಂತ ಕೇಳಿದ್ದಿರಿ. ಕರ್ನಾಟಕದ ಕಾಡಿನಲ್ಲಿ ಇಲ್ಲ. ಹಿಮಾಲಯದಲ್ಲಿ ಇದೆ, ಅದು ಇದೇ ಕುಟುಂಬದ ಬೇರೆ ಜಾತಿ, ಉತ್ತರಾಖಂಡದಲ್ಲಿ ಥುನೇರ್ ಅನ್ನುತ್ತಾರೆ. ಅದಕ್ಕೂ ಒಂದು ನಷ್ಟದ ಕತೆ ಇದೆ, ಆದರೆ ಬಹಳ ಇತ್ತೀಚಿನದು. 1962ರಲ್ಲಿ ಅಮೆರಿಕದ ಪಶ್ಚಿಮ ಕರಾವಳಿಯ ಯೂ ಜಾತಿಯೊಂದರ ತೊಗಟೆ ಕ್ಯಾನ್ಸರ್ ಸಂಶೋಧನೆಗೆ ಹೋಯಿತು, ಅದರಿಂದ ಟ್ಯಾಕ್ಸಾಲ್ ಅನ್ನೋ ಕ್ಯಾನ್ಸರ್ ಔಷಧ ಬಂತು, 1992ರ ಕೊನೆಗೆ ಅಲ್ಲಿನ ಸರ್ಕಾರದ ಅನುಮತಿ ಸಿಕ್ಕಿತು. ಪ್ಯಾಕ್ಲಿಟ್ಯಾಕ್ಸೆಲ್ ಅನ್ನೋ ಹೆಸರಲ್ಲಿ ಬೆಂಗಳೂರಿನ ಆಸ್ಪತ್ರೆಗಳಲ್ಲಿ ದಿನಾ ಡ್ರಿಪ್ ಹಾಕೋದು ಇದನ್ನೇ. ಬೇಡಿಕೆ ಏರಿದ್ದೇ ಹಿಮಾಲಯದ ಮರಗಳ ಎಲೆಗೂ ತೊಗಟೆಗೂ ಕೊಡಲಿ ಬಿತ್ತು. 1990ರ ದಶಕದ ಮಧ್ಯದಲ್ಲಿ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣದ ಪಟ್ಟಿಗೆ ಸೇರಿಸಬೇಕಾಯಿತು. ಮೊನ್ನೆ ಮೊನ್ನೆ ಹೋದ ಈ ಮರಗಳಲ್ಲಿ ಒಂದೊಂದರ ಸುತ್ತಳತೆಯನ್ನೂ ಬರೆದಿಡುವ ವೈಟ್ ಇರಲಿಲ್ಲ. ನನಗೆ ಸಿಟ್ಟು ಬರೋದು ಇಲ್ಲೇ.

ಇನ್ನೊಂದು ಮಾತು. 'ಹೋಯಿತು' ಅಂತ ಬರೆದ ಯೂ ಮರವನ್ನೆಲ್ಲ ಸತ್ತಿದೆ ಅಂತ ತಿಳಿಯಬೇಡಿ. ಇದು ಬುಡದಿಂದ ಮತ್ತೆ ಚಿಗುರುತ್ತೆ, ನೆಲ ಮುಟ್ಟಿದ ಕೊಂಬೆ ಬೇರು ಬಿಡುತ್ತೆ. ಕಂಬ್ರಿಯಾದ ಲಾರ್ಟನ್‌ನಲ್ಲಿ ಒಂದು ಯೂ ಇದೆ. 1653ರಲ್ಲಿ ಕ್ವೇಕರ್ ಪಂಥದ ಜಾರ್ಜ್ ಫಾಕ್ಸ್ ಅದರ ಕೆಳಗೆ ಪ್ರವಚನ ಮಾಡಿದಾಗ ಜನ ಮರದ ಮೇಲೆಲ್ಲ ಹತ್ತಿ ಕೂತಿದ್ದರು, ಮುರಿದೀತು ಅಂತ ಅವನಿಗೇ ಭಯವಾಗಿತ್ತು. 19ನೇ ಶತಮಾನದ ಬಿರುಗಾಳಿಯೊಂದರಲ್ಲಿ ಅರ್ಧ ಮರ ಹೋಯಿತು, ಬಿದ್ದ ಮರದಿಂದ ಕಾಕರ್‌ಮತ್ ಊರಿನ ಮೇಯರಿಗೆ ಕುರ್ಚಿ ಮಾಡಿಸಿದರು. ಉಳಿದರ್ಧ ಈಗಲೂ ಹೊಳೆ ಪಕ್ಕ ನಿಂತಿದೆ. ಡೋವರ್ ಹತ್ತಿರದ ಬಕ್‌ಲ್ಯಾಂಡ್‌ನಲ್ಲಿ ಸಿಡಿಲು ಬಡಿದು ಸೀಳಿದ್ದ ಮರ ಚರ್ಚಿನ ವಿಸ್ತರಣೆಗೆ ಅಡ್ಡ ಬಂತು ಅಂತ 1880ರಲ್ಲಿ ವಿಲಿಯಂ ಬ್ಯಾರನ್ ಅನ್ನೋ ತೋಟಗಾರ ಬೇರು ಮಣ್ಣು ಸಮೇತ ಎತ್ತಿ ಸುಮಾರು 60 ಅಡಿ ಆಚೆಗೆ ಸಾಗಿಸಿ ನೆಟ್ಟ. ಬದುಕಿಕೊಂಡಿತು. ಹಳೆಯ ಜಾಗದಲ್ಲಿ ಹುಡುಕಿದರೆ ಮರ ಕಾಣೆಯಾಗಿದೆ ಅಂತ ಬರೆಯುತ್ತೀರಿ! ಫೋರ್ಟಿಂಗಲ್ ಮರಕ್ಕಂತೂ ಪ್ರವಾಸಿಗರೇ ಶತ್ರುಗಳು. ಬಟ್ಟಲು ಮಾಡಲು, ನೆನಪಿಗೆ ಇಟ್ಟುಕೊಳ್ಳಲು ಅಂತ ಚೂರು ಚೂರು ಕಡಿದುಕೊಂಡು ಹೋದರು, ಕೊನೆಗೆ ಸುತ್ತ ಗೋಡೆ ಕಟ್ಟಿದರು. ಬೊಡ್ಡೆ ಎರಡಾಗಿ ಸೀಳಿ ನಡುವೆ ದಾರಿಯಾದ ಕಾಲದಲ್ಲಿ ಹೆಣದ ಮೆರವಣಿಗೆ ಅದರ ನಡುವೆಯೇ ಸಾಗುತ್ತಿತ್ತಂತೆ. 2015ರಲ್ಲಿ ಆ ಗಂಡು ಮರದ ಒಂದು ಕೊಂಬೆ ಹಣ್ಣು ಬಿಟ್ಟಿತು. ಹಾಗಾದರೆ ಸೆಲ್‌ಬೋರ್ನ್ ಮರದ ಗಂಡುತನ ಪಕ್ಕಾ ಗುರುತು ಅಂದಿರಲ್ಲ ಅಂತ ನೀವು ಕೇಳಬಹುದು. ಇಡೀ ಮರದಲ್ಲಿ ಒಂದೇ ಕೊಂಬೆ ಹೀಗೆ ಬದಲಾಗೋದು ಅಪರೂಪ, ಗುರುತಿಗೆ ತೊಂದರೆ ಇಲ್ಲ.

ನಿಮಗೆ ಆಸಕ್ತಿ ಇದ್ದರೆ ನೀವೇ ಹುಡುಕಬಹುದು, ಅಲ್ಲೇ ಇದ್ದೀರಲ್ಲ. ಜಾನ್ ಲೋ ಅನ್ನೋರು 1897ರಲ್ಲಿ ಬ್ರಿಟನ್, ಐರ್ಲೆಂಡಿನ ಯೂ ಮರಗಳ ಮೇಲೆ ಇಡೀ ಪುಸ್ತಕ ಬರೆದಿದ್ದಾರೆ, ಹಕ್ಕುಸ್ವಾಮ್ಯದ ಕಾಲ ಮುಗಿದ ಪುಸ್ತಕ, ನೆಟ್ಟಿನಲ್ಲಿ ಪುಕ್ಕಟೆ ಸಿಗುತ್ತದೆ. ಅದಕ್ಕೂ ಮೊದಲು 1838ರಲ್ಲಿ ಜೆ. ಸಿ. ಲೌಡನ್ ದೊಡ್ಡ ಸಂಪುಟಗಳಲ್ಲಿ ಮರಗಳ ಅಳತೆ ಕೂಡಿಸಿಟ್ಟಿದ್ದಾರೆ. ಏನ್ಶಿಯಂಟ್ ಯೂ ಗ್ರೂಪ್ ಅನ್ನೋ ಸ್ವಯಂಸೇವಕರ ಗುಂಪು ಊರೂರಿನ ಮರಗಳನ್ನು, ಹೋದವನ್ನೂ ಸೇರಿಸಿ, ಹಳೆಯ ಹೊಸ ಅಳತೆಗಳ ಜೊತೆ ಪಟ್ಟಿ ಮಾಡುತ್ತದೆ. 19ನೇ ಶತಮಾನದ ಕೊನೆಯ ದೊಡ್ಡ ಪ್ರಮಾಣದ ಆರ್ಡ್ನೆನ್ಸ್ ಸರ್ವೇ (ಬ್ರಿಟನ್ನಿನ ಸರ್ಕಾರಿ ನಕ್ಷೆ ಸಂಸ್ಥೆ) ನಕ್ಷೆಗಳಲ್ಲಿ ಒಂಟಿ ಮರಗಳನ್ನೂ ಗುರುತಿಸಿದ್ದಾರೆ, ಚರ್ಚಿನ ಅಂಗಳದ ಚಿತ್ರ ತೆಗೆದು ಇವತ್ತಿನದರ ಪಕ್ಕಕ್ಕಿಟ್ಟರೆ ಎಷ್ಟೋ ಮರಗಳು ಎಲ್ಲಿದ್ದವು ಅಂತ ಗೊತ್ತಾಗುತ್ತದೆ. 1900ರ ನಂತರದ್ದಕ್ಕೆ ಹಳೇ ಪೋಸ್ಟ್‌ಕಾರ್ಡ್ ಒಳ್ಳೇ ಸಾಕ್ಷಿ, ಚರ್ಚಿನ ಫೋಟೋ ತೆಗೆದವನಿಗೆ ಗೊತ್ತಿಲ್ಲದೇ ಮೂಲೆಯಲ್ಲಿ ಮರ ಬಿದ್ದಿರುತ್ತದೆ.

ಜೀವಂತ ಮರ ಸಿಕ್ಕಿದರೆ ಅಳೆದು ಬರೆದಿಡಿ. ಎಷ್ಟು ಎತ್ತರದಲ್ಲಿ ಟೇಪು ಹಿಡಿದಿರಿ ಅನ್ನೋದನ್ನು ಮರೀಬೇಡಿ. ಬ್ರಿಟನ್ನಿನಲ್ಲಿ ರೂಢಿ ಒಂದೂವರೆ ಮೀಟರ್, ನಮ್ಮ ಅರಣ್ಯ ಇಲಾಖೆಯವರದ್ದು 1.37 ಮೀಟರ್. ಗಂಟು ಅಡ್ಡ ಬಂದರೆ ಅದರ ಕೆಳಗೆ ಸಣ್ಣಗಿರೋ ಕಡೆ ಹಿಡಿದು, ಹಾಗೆ ಹಿಡಿದೆ ಅಂತ ಬರೆಯಿರಿ. ಗಂಡೋ ಹೆಣ್ಣೋ, ಪೊಟರೆ ಇದೆಯೋ, ಚರ್ಚಿನ ಯಾವ ದಿಕ್ಕಿಗಿದೆ, ತಾರೀಕು, ಇಷ್ಟು ಸಾಕು. ಮಕ್ಕಳು ಜೊತೆಗಿದ್ದರೆ ಹಣ್ಣು ಬಾಯಿಗೆ ಹಾಕಲು ಬಿಡಬೇಡಿ, ಕೆಂಪು ತಿರುಳು ಬಿಟ್ಟು ಬೀಜ, ಎಲೆ, ತೊಗಟೆ ಎಲ್ಲ ವಿಷ. ಕಡಿದು ಹಾಕಿದ ಸೊಪ್ಪು ತಿಂದು ದನ ಸಾಯುತ್ತವೆ ಅಂತ ವೈಟ್‌ನೇ ಬರೆದಿದ್ದಾನೆ. ವಯಸ್ಸಿನ ಜಾಗ ಖಾಲಿ ಬಿಡಿ.